ಮೂರನೇ ಚರಣ

"ನಲವತ್ತು ಸಾಲಿಗಾ, ಬಾಬೂಜಿ? ಬರೀ ನಲವತ್ತು ಸಾಲಿಗೆ ನನ್ನನ್ನ ಕೊಟ್ಬಿಟ್ರಾ?"

ವಿಭಾ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಮೂರು ಲೋಟ ಉರುಳಿ ಅಂಗಳದ ಸಗಣಿ ಸಾರಿಸಿದ ನೆಲದ ಮೇಲೆ ಚಹಾ ಹರಿಯಿತು. ಬಾವಿಯ ಹತ್ತಿರ ಮದುವೆಯ ಪಾತ್ರೆ ಬೆಳಗುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇತ್ತ ನೋಡಿದರು.

"ಮೆಲ್ಲಗೆ, ಬುಚ್ಚಿ. ಹೊರಗೆ ನಿನ್ನ ಹೊಸ ಅಳಿಯ ಇದ್ದಾನೆ. ಅವನ ಕಡೆಯೋರಿದ್ದಾರೆ," ಎಂದ ಮುದುಕ.

"ಮೆಲ್ಲಗಾ? ಮೂವತ್ತಾರು ವರ್ಷ ಮೆಲ್ಲಗೇ ಇದ್ನಲ್ಲ! ಆ ಮದುವೆ ದಲ್ಲಾಳಿ ಘಟಕ ಸತ್ತು ಇಪ್ಪತ್ತು ವರ್ಷ ಆಯ್ತು. ಈ ಸಂಬಂಧ ಕುದುರಿಸಿದ ಪಾಪಿ ಅಂತ ಇವತ್ತಿಗೂ ಅವನಿಗೆ ಶಾಪ ಹಾಕ್ತೀನಿ. ಅವನ ಮಗ ಎದುರಿಗೆ ಬಂದ್ರೆ ದಾರಿ ಬದಲಾಯಿಸ್ತೀನಿ. ಈಗ ನೋಡಿದ್ರೆ ಆ ಬಡಪಾಯಿದು ತಪ್ಪೇ ಇರ್ಲಿಲ್ಲ. 'ಒಂದ್ಸಲ ಹೋಗಿ ಮನೆ ನೋಡ್ಕೊಂಡು ಬನ್ನಿ' ಅಂತ ಅವನು ಕೈಮುಗಿದು ಹೇಳಿದ್ನಂತಲ್ಲ!"

"ಹಳೇ ಮಾತು, ಬುಚ್ಚಿ. ಕಮಲಾಕರ ಏನೋ ತಮಾಷೆಗೆ ಹೇಳಿದ."

"ಅವರು ಹೇಳಿದ್ದಕ್ಕೆ ನನಗೇನೂ ಇಲ್ಲ. ನೀವು ನಕ್ಕಿರಿ."

ನಕ್ಕದ್ದು ನಿಜ. ಮುದುಕ ಮೋದನಾರಾಯಣ ಝಾನ ಹಳೆಯ ಗೆಳೆಯ, ದರ್ಭಂಗಾದ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಪ್ರೊಫೆಸರ್ ಕಮಲಾಕರ ಮಿಶ್ರ, ಹೊರಜಗಲಿಯಲ್ಲಿ ಗಂಡಿನ ಕಡೆಯವರನ್ನು ಕೂರಿಸಿಕೊಂಡು ಎಲೆಯಡಿಕೆ ಅಗಿಯುತ್ತ ಕಥೆ ಹೊಡೆಯುತ್ತಿದ್ದ. "ನಿಮಗೆ ಗೊತ್ತಾ, ಇವನ ಮಗಳ ಮದುವೆ ಹೇಗೆ ಗಟ್ಟಿಯಾಯ್ತು ಅಂತ? ಸೌರಾಠ ಸಭೆಯಲ್ಲಿ ನಾನೂ ಇದ್ದೆ. ಗಂಡಿನ ದೊಡ್ಡಪ್ಪ ಬಂದು ಇವನ ಕೋಸಿ ಕವನ ಶುರು ಮಾಡಿದ. ಒಂದಲ್ಲ ಎರಡಲ್ಲ, ನಲವತ್ತು ಸಾಲು, ಬಾಯಿಪಾಠ! ಒಂದ್ಸಲ ಮನೆ ನೋಡ್ಕೊಂಡು ಬನ್ನಿ ಅಂತ ಘಟಕ ಕೈಮುಗಿದದ್ದು ಇವನ ಕಿವಿಗೇ ಬೀಳಲಿಲ್ಲ. ಇವನು ಎದ್ದು ಅವನನ್ನ ತಬ್ಬಿಕೊಂಡು, 'ಪಂಜೀಕಾರರನ್ನ ಕರೀರಿ, ಓಲೆ ಬರೀಲಿ' ಅಂದುಬಿಟ್ಟ. ವರದಕ್ಷಿಣೆ ಕೊಟ್ಟು ಮಗಳ ಮದುವೆ ಮಾಡೋರನ್ನ ನೋಡಿದೀನಪ್ಪ, ದಕ್ಷಿಣೆಯನ್ನ ಕವನದಲ್ಲಿ ಇಸಕೊಂಡೋನು ಇವನೊಬ್ಬನೇ!" ಜಗಲಿ ತುಂಬ ನಗು. ಮುದುಕನೂ ನಕ್ಕ. ನಗುತ್ತ ತಲೆಯೆತ್ತಿದರೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಮಗಳು.

"ಏ ವಿಭಾ," ಎಂದಳು ಲಲಿತಾ ಕಾಕಿ ಬಾವಿಯ ಕಡೆಯಿಂದ. ಮುದುಕನ ತಮ್ಮನ ವಿಧವೆ ಹೆಂಡತಿ. ಅವಳ ಮಕ್ಕಳು ಸೊಸೆಯರದೇ ಈಗ ಆ ಮನೆಯ ಸಂಸಾರ. "ಇದೇನು ಹೊಸದಾ? ಹೊಗಳಿದ್ರೆ ನಿಮ್ಮಪ್ಪ ಹೋತದ ಜೊತೆಗೂ ಬೀಗತನ ಮಾಡ್ತಿದ್ದ. ಮಗಳ ಮದುವೆ ಇಟ್ಕೊಂಡು ಕಣ್ಣೀರು ಹಾಕ್ಬೇಡ, ಏಳು."

"ನಾನು ಅಳ್ತಾ ಇಲ್ಲ, ಕಾಕಿ."

ಅವಳು ಅಳುತ್ತಿರಲಿಲ್ಲ. ಅದೇ ಮುದುಕನಿಗೆ ಹೆದರಿಕೆಯಾದದ್ದು.

ಮೋದನಾರಾಯಣ ಝಾ ಎಂದರೆ ಊರವರಿಗೆ ಮಾತ್ರ ಗೊತ್ತು. ಉಳಿದವರಿಗೆ ಅವನು ನೀರದಜಿ. ಸಿಸವಾರದ ಸಂಸ್ಕೃತ ಪಾಠಶಾಲೆ ಬಿಟ್ಟು, ಹದಿನೇಳನೆಯ ವಯಸ್ಸಿಗೆ ಕಲಕತ್ತೆಗೆ ಓಡಿಹೋಗಿ, ಬಡಾಬಾಜಾರಿನ ಒಂದು ಹಿಂದಿ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಕವಿಯಾದವನು. ಬೇರೆಯವರ ತಪ್ಪು ತಿದ್ದಿ ತಿದ್ದಿ ಬೇಸತ್ತವನಿಗೆ ತನ್ನದನ್ನು ಬರೆಯುವ ಹುಚ್ಚು ಹತ್ತಿತು. ಒಂದು ವರ್ಷ ಕೋಸಿ ನದಿ ಉಕ್ಕಿ ಹಳ್ಳಿಗಳನ್ನು ನುಂಗಿದ ಸುದ್ದಿ ಅಚ್ಚಿನ ಮೊಳೆಗಳಲ್ಲಿ ಅವನ ಕೈಗೆ ಬಂತು. ಆ ಸುದ್ದಿಯನ್ನೇ ಹಿಡಿದು ಮುನ್ನೂರು ಸಾಲಿನ ಹಿಂದಿ ಕವನ ಬರೆದ. ನದಿಯನ್ನು ಕಟ್ಟಿಹಾಕಲು ಸರ್ಕಾರ ಎರಡೂ ಕಡೆ ಎಬ್ಬಿಸಿದ ಒಡ್ಡು, ಆ ಎರಡು ಒಡ್ಡುಗಳ ನಡುವೆಯೇ ಉಳಿದುಹೋದ ನೂರಾರು ಹಳ್ಳಿಗಳು, ಮಳೆಗಾಲ ಬಂದರೆ ಅಟ್ಟದ ಮೇಲೆ ಒಲೆ ಹೂಡುವ ಹೆಂಗಸರು, ಎಲ್ಲವೂ ಅದರಲ್ಲಿತ್ತು. ಓದಿದವರು ಗದ್ಗದರಾದರು. ದಿಲ್ಲಿಯವರು ಕರೆದು ಶಾಲು ಹೊದಿಸಿದರು. ಕವನದ ಒಂದು ತುಂಡು ಶಾಲೆಯ ಪುಸ್ತಕದಲ್ಲೂ ಸೇರಿತು.

ಆ ಒಡ್ಡಿನ ಒಳಕ್ಕೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಆಮೇಲೆ ದಿಲ್ಲಿ ಅವನನ್ನು ಮರೆಯಿತು. ಎರಡನೆಯ ಪುಸ್ತಕ ಬಂತು, ಯಾರೂ ಓದಲಿಲ್ಲ. ಮೂರನೆಯದನ್ನು ಅಚ್ಚುಹಾಕುವವರೇ ಸಿಗಲಿಲ್ಲ. ಮುದ್ರಣಾಲಯ ಮುಚ್ಚಿತು. ಊರಿಗೆ ಮರಳಿ ಬಂದವನನ್ನು ಊರು ಅಯ್ಯೋ ಪಾಪ ಎಂಬಂತೆ ನೋಡಿತು. ಇಂಥವರ ಮಗ, ಇಷ್ಟು ಬೀಘಾ ಗದ್ದೆ, ಅಷ್ಟೇ ಅವನ ಪರಿಚಯ. ಮನೆಯಲ್ಲಿ ಹೆಂಡತಿ, "ಮಗಳಿಗೆ ಹದಿನಾರಾಯ್ತು. ಕವನದಲ್ಲಿ ಅವಳಿಗೆ ಗಂಡು ಸಿಗಲ್ಲ. ಸಭೆಗೆ ಹೋಗಿ," ಎಂದು ದಿನ ಬೆಳಗಾದರೆ ಚುಚ್ಚುತ್ತಿದ್ದಳು.

ಹಾಗೆ ಅವನು ಸೌರಾಠಕ್ಕೆ ಹೋದ. ಆಗೆಲ್ಲ ಮೈಥಿಲ ಬ್ರಾಹ್ಮಣರ ಗಂಡುಮಕ್ಕಳ ಮದುವೆ ಆ ಊರ ಮಾವಿನ ತೋಪಿನ ನೆರಳಲ್ಲೇ ಗೊತ್ತಾಗುತ್ತಿತ್ತು. ಜಮಖಾನೆ ಹಾಸಿಕೊಂಡು ಊರೂರಿನವರು, ನಡುವೆ ಹಳದಿ ಧೋತರದ ವರಗಳು, ಜಮಖಾನೆಯಿಂದ ಜಮಖಾನೆಗೆ ಓಡಾಡುವ ಘಟಕರು. ಘಟಕ ಮೂರು ವರಗಳನ್ನು ತೋರಿಸಿದ. ಒಬ್ಬ ಮಧುಬನಿಯಲ್ಲಿ ಶಾಲೆ ಮೇಷ್ಟ್ರು. "ಕಣ್ಮುಚ್ಚಿ ಕೊಡಿ," ಎಂದ. ಕವಿ ತಲೆಯಾಡಿಸಿದ. ಅಷ್ಟರಲ್ಲಿ ತಮ್ಮನ ಮಗನನ್ನು ವರನಾಗಿ ಕೂರಿಸಿಕೊಂಡಿದ್ದ ಒಬ್ಬ ಸಣಕಲು ಮುದುಕ ಪಕ್ಕದ ಜಮಖಾನೆಯಿಂದ ಎದ್ದು ಬಂದು, "ಕೋಸಿಯ ಮೇಲೆ ಬರೆದ ನೀರದಜಿ ಅಂದ್ರೆ ನೀವೇನಾ?" ಎಂದು ಕೇಳಿದ.

ತನ್ನ ಜನರ ನಡುವೆ ಆ ಹೆಸರು ಹಿಡಿದು ಯಾರೂ ಅವನನ್ನು ಕೇಳಿರಲಿಲ್ಲ. ಆ ಸಣಕಲು ಮುದುಕ ಕಣ್ಣು ಮುಚ್ಚಿ ಶುರುಮಾಡಿದ. ಸುತ್ತ ಜನ ಸೇರಿದರು. ಮೂವತ್ತನೆಯ ಸಾಲಿಗೆ ಅವನ ಕಣ್ಣಿಂದ ನೀರಿಳಿಯಿತು. ನಲವತ್ತಕ್ಕೆ ಧ್ವನಿ ನಿಂತಿತು. ಓದುಗ ಸಿಕ್ಕಿದನೆಂದು ಕವಿಗೆ ಅನ್ನಿಸಿತು. ಆ ಮನುಷ್ಯ ಅತ್ತದ್ದು ಕವಿತೆಗಲ್ಲ, ಆ ಒಡ್ಡುಗಳ ನಡುವೆ ಉಳಿದ ತನ್ನ ಸ್ವಂತ ಮನೆಗೆ ಎಂದು ಅವನಿಗೆ ಹೊಳೆಯಲೇ ಇಲ್ಲ. "ಮನೆ ಎಲ್ಲಿ?" ಎಂದು ಕೇಳಿದ್ದಕ್ಕೆ, "ಸುಪೌಲ್," ಎಂದ ಅವನು. ಸುಪೌಲಿನಲ್ಲಿ ಅವರದೊಂದು ಬಾಡಿಗೆ ಕೋಣೆ ಇತ್ತು, ಪ್ರವಾಹ ಬಂದಾಗ ಓಡಿಬರಲು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಘಟಕ ಕವಿಗೆ ಕೈಮುಗಿದು, "ಮಾಲಿಕ್, ಒಂದ್ಸಲ ಹೋಗಿ ಮನೆ ನೋಡ್ಕೊಂಡು ಬನ್ನಿ. ಸಭೆ ಇನ್ನೂ ನಾಲ್ಕು ದಿನ ಇದೆ," ಎಂದ. ಯಾರು ಕೇಳುತ್ತಾರೆ? ಪಂಜೀಕಾರ ತನ್ನ ವಂಶಾವಳಿಯ ಕಟ್ಟು ಬಿಚ್ಚಿ, ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆ ನೋಡಿ, ರಕ್ತದಲ್ಲಿ ದೋಷವಿಲ್ಲವೆಂದು ತಾಳೆಯೋಲೆಯ ಮೇಲೆ ಬರೆದುಕೊಟ್ಟ. ಮನೆ ನಿಂತ ನೆಲದಲ್ಲಿ ದೋಷವಿದೆಯೇ ಎಂದು ಬರೆಯುವ ಓಲೆ ಯಾವ ಪಂಜೀಕಾರನ ಹತ್ತಿರವೂ ಇರುವುದಿಲ್ಲ.

ಮದುವೆಯಾಯಿತು. ಪದ್ಧತಿಯಂತೆ ಮಗಳು ಎರಡು ವರ್ಷ ತವರಿನಲ್ಲೇ ಉಳಿದಳು. ಮೂರನೆಯ ವರ್ಷ ಫಾಲ್ಗುಣದಲ್ಲಿ ಪಂಚಾಂಗ ನೋಡಿ, ಅವಳನ್ನು ಗಂಡನ ಮನೆಗೆ ಕಳಿಸುವ ದ್ವಿರಾಗಮನದ ದಿನ ಇಟ್ಟರು. ಅದೇ ದಿನಕ್ಕೆ ಪಟನಾದ ರೇಡಿಯೋ ಕೇಂದ್ರದಿಂದ ಕಾಗದ ಬಂತು, ಕವಿಗೋಷ್ಠಿಗೆ ಬರಬೇಕು ಎಂದು. ಏಳು ವರ್ಷದಲ್ಲಿ ಬಂದ ಮೊದಲ ಕರೆ.

ಅವನು ಮಗಳನ್ನು ಬಿಟ್ಟು ಹೊರಟ.

ಆಗ ಗಂಗೆಗೆ ಸೇತುವೆ ಇರಲಿಲ್ಲ. ಪಹಲೇಜಾ ಘಾಟಿನಿಂದ ಆ ದಡಕ್ಕೆ ಹಡಗಿನಲ್ಲಿ ಹೋಗಬೇಕು. ಹಡಗಿನ ಕಟಕಟೆಗೆ ಒರಗಿ ನಿಂತವನಿಗೆ, ಈ ಹೊತ್ತಿಗೆ ಮಗಳ ಗಾಡಿ ಹೊರಟಿರುತ್ತದೆ ಎಂಬುದು ನೆನಪಾಯಿತು. ಎದೆ ಹಿಂಡಿತು. ಹಿಂಡಿದ್ದು ಸುಳ್ಳಲ್ಲ. ಆದರೆ ಹಿಂಡಿದ ಎದೆ ಮೈಥಿಲಿಯಲ್ಲಿ ಸಾಲುಗಳನ್ನು ಕೊಟ್ಟಿತು, ಅವನು ಜೇಬಿನಿಂದ ಪೆನ್ಸಿಲ್ ತೆಗೆದ. ಗೋಷ್ಠಿಯಲ್ಲಿ ಹಿಂದಿ ಕವನ ಓದಬೇಕಾದವನು ಈ ಬೀಳ್ಕೊಡುಗೆ ಹಾಡನ್ನೇ ಹಾಡಿಬಿಟ್ಟ.

ಹಿತ್ತಿಲ ಕೆರೆಯ ತಾವರೆ ಕಿತ್ತು ಯಾರ ಮಡಿಲಿಗೆ ಹಾಕಿದೆ, ತಾಯೇ, ಎಂದು ಅದು ಶುರುವಾಗುತ್ತದೆ. ಮೂರನೆಯ ಚರಣದಲ್ಲಿ ಅಪ್ಪ ಬರುತ್ತಾನೆ.

"ಗಾಡಿಯ ಗಾಲಿಗೆ ಕೈ ಕೊಟ್ಟ ಅಪ್ಪ,
ಬಿಟ್ಟರೆ ಉರುಳೀತು, ಬಿಡಲಾರ.
ಎರಡೂ ಕೈಯಲಿ ಗಾಲಿಯ ಹಿಡಿದವ
ಕಣ್ಣೊರಸೋ ಕೈಯ ಎಲ್ಲಿಂದ ತಂದಾನೋ."

ರೇಡಿಯೋದವರು ಮತ್ತೆ ಮತ್ತೆ ಹಾಕಿದರು. ಒಂದು ವರ್ಷದೊಳಗೆ ಹಾಡು ಕಮಲಾ ನದಿಯ ದಂಡೆಯಿಂದ ಕೋಸಿ ದಂಡೆಯವರೆಗೆ ಹರಡಿತು. ಹಿಂದಿ ಅವನನ್ನು ವೇದಿಕೆಗೆ ಕರೆದು ಇಳಿಸಿಬಿಟ್ಟಿತ್ತು. ಮೈಥಿಲಿ ಅಂಗಳಕ್ಕೆ ಕರೆದು ಮಣೆ ಹಾಕಿತು. ಬಹುಮಾನ ಬಂತು, ತಲೆಗೆ ಮೈಥಿಲರ ಪೇಟ ಪಾಗ್ ಇಟ್ಟು ಹೆಗಲಿಗೆ ಶಾಲು ಹೊದಿಸಿದರು. ಮಗಳ ಗಾಡಿಯ ಗಾಲಿ ಹಿಡಿದು ನಿಂತ ಅಪ್ಪ ಎಂದರೆ ಜನರ ಕಣ್ಣ ಮುಂದೆ ನೀರದಜಿಯೇ ಬರುವಂತಾಯಿತು. ಅವನು ಅದನ್ನು ಅಲ್ಲಗಳೆಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ.

ಮಗಳು ಗಾಡಿಯಲ್ಲಿ ಕೂತು, "ಬಾಬೂಜಿ ಎಲ್ಲಿ?" ಎಂದು ಕೇಳಿದ್ದಳು. "ನಿನ್ನೆದುರು ಅಳಬಾರದು ಅಂತ ಒಳಗಿದ್ದಾರೆ, ಹೋಗು," ಎಂದಿದ್ದಳು ಅಮ್ಮ. ಗಾಡಿ ಒಡ್ಡಿನವರೆಗೆ ಹೋಯಿತು. ಅಲ್ಲಿಂದ ದೋಣಿ.

ಈ ಕಥೆಯೆಲ್ಲ ಮನೆಯವರಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಒಂದೇ. ಆ ಮನೆಗೆ ತನ್ನನ್ನು ಕೊಟ್ಟದ್ದು ಘಟಕನ ಮೋಸದಿಂದ ಎಂದು ವಿಭಾ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಅವಳು ಅಪ್ಪನ ಮನೆಗೆ ಮರಳಿದ್ದು, ಮಗಳು ಋಚಾಳನ್ನು ಸಾಕಿದ್ದು, ಹಳ್ಳಿಶಾಲೆಯಲ್ಲಿ ಪಾಠ ಹೇಳುತ್ತ ಈ ಮುದುಕನಿಗೆ ಬೇಳೆ ಅನ್ನ ಕಲಸಿ ಕೊಟ್ಟದ್ದು.

"ಈಗ ಏನು ಮಾಡ್ಬೇಕು ಅಂತೀಯ?" ಎಂದ ಮುದುಕ.

"ನಾಡಿದ್ದು ಋಚಾ ಹೊರಡ್ತಾಳೆ. ಆ ಹಾಡು ಈ ಅಂಗಳದಲ್ಲಿ ಕೇಳಬಾರದು."

"ಅದು ನನ್ನ ಕೈಲಿದೆಯಾ, ಬುಚ್ಚಿ? ಆ ಹಾಡು ಈಗ ಜನರದು."

"ಬಹುಮಾನ ತಗೊಳ್ಳುವಾಗ ಯಾರದಿತ್ತು?"

ಬಾವಿಯ ಹತ್ತಿರ ಯಾರೋ ಒಬ್ಬಳು ಕಿಸಕ್ಕೆಂದಳು. ಕಾಕಿ ಅವಳ ಬೆನ್ನಿಗೆ ಗುದ್ದಿದಳು.

"ಹೆಂಗಸರು ಶುರುಮಾಡಿದ್ರೆ ನಾನೇನು ಮಾಡಲಿ? ಬೀಗರ ಕಡೆಯೋರು ಈ ಮನೆಗೆ ಒಪ್ಪಿದ್ದೇ ಆ ಹಾಡಿನ ಕವಿ ಮನೆ ಅಂತ."

"ಮನೆಗೆ ಹಿರಿಯರು ನೀವು. ಕನ್ಯಾದಾನ ಮಾಡಿದೋರು ನೀವು. ನಿಲ್ಲಿಸಿ ಅಂದ್ರೆ ನಿಲ್ಲಿಸ್ತಾರೆ. ಒಂದು ಕೈ ಎತ್ತಿ ಸಾಕು." ಅವಳು ಉರುಳಿದ ಲೋಟಗಳನ್ನು ಹೆಕ್ಕಿಕೊಂಡಳು. "ನನಗೆ ನೀವು ಏನೂ ಕೊಡ್ಲಿಲ್ಲ. ಇದೊಂದು ಕೊಡಿ. ನನ್ನ ಮಗಳ ಗಾಡಿ ಆ ಸುಳ್ಳು ಕೇಳ್ದೆ ಹೋಗಲಿ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ಅದಾದ ಮೇಲೆ ನನಗೆ ನೀವಿಲ್ಲ, ನಿಮಗೆ ನಾನಿಲ್ಲ."

ಮುದುಕ ಎದ್ದ. ಮನೆದೇವಿಯ ಕೋಣೆಗೆ ಹೋಗಿ, ಗೋಡೆಯ ಕುಂಕುಮದ ಗೆರೆಗಳ ಮುಂದೆ ನಿಂತು, "ಭಗವತಿಯಾಣೆ, ನಿಲ್ಲಿಸ್ತೀನಿ," ಎಂದ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಲೋಟಗಳನ್ನು ಹಿಡಿದು ಅಡುಗೆಮನೆಗೆ ಹೋದಳು.

ಮರುದಿನ ಚತುರ್ಥಿ, ಮದುವೆಯ ನಾಲ್ಕನೆಯ ದಿನದ ಶಾಸ್ತ್ರ. ಅಲ್ಲಿಯವರೆಗೆ ಉಪ್ಪಿಲ್ಲದ ಊಟ ಉಂಡ ಮದುಮಕ್ಕಳಿಗೆ ಅಂದು ಉಪ್ಪು ಬಡಿಸುವ ದಿನ. ಮೈಥಿಲ ಬ್ರಾಹ್ಮಣರಿಗೆ ಮಂಗಳವೆನಿಸಿದ ಮೀನು ಬಂತು, ಮಸಾಲೆ ಅರೆದರು, ಮನೆಯಲ್ಲಿ ಗದ್ದಲವೆದ್ದಿತು. ಮಧ್ಯಾಹ್ನ ಎಲ್ಲರೂ ಉಂಡು ಒರಗಿದಾಗ ವಿಭಾ ಒಂದು ಬಟ್ಟಲು ಮೊಸರವಲಕ್ಕಿ ಹಿಡಿದು ಅಪ್ಪನ ಹತ್ತಿರ ಬಂದಳು. ಅವನಿಗೆ ಮೀನಿನ ಮುಳ್ಳು ತೆಗೆಯುವಷ್ಟು ಈಗ ಕಣ್ಣು ಕಾಣುತ್ತಿರಲಿಲ್ಲ. ಅವನು ತಿನ್ನುವುದನ್ನು ನೋಡುತ್ತ ಹೊಸ್ತಿಲ ಮೇಲೆ ಕೂತಳು.

"ಮುನ್ನಾ ಹೋದದ್ದು ಹೇಗೆ ಅಂತ ನೀವು ಯಾವತ್ತೂ ಕೇಳ್ಲಿಲ್ಲ," ಎಂದಳು.

ಮುನ್ನಾ ಅವಳ ಮೊದಲ ಮಗು. ಎರಡು ವರ್ಷದವನು. ಜ್ವರ ಬಂದು ಹೋದ ಎಂದು ಕಾಗದ ಬಂದಿತ್ತು. ಅಷ್ಟೇ ಮುದುಕನಿಗೆ ಗೊತ್ತಿದ್ದದ್ದು.

"ಜ್ವರವೇ. ಆದ್ರೆ ಜ್ವರಕ್ಕೆ ಸಾಯೋ ಮಗು ಅಲ್ಲ ಅದು. ನೀರು ಅಟ್ಟದ ತನಕ ಬಂದಿತ್ತು. ದೋಣಿ ಬೇರೆ ಹಳ್ಳಿಗೆ ಹೋಗಿತ್ತು. ಮೂರು ದಿನ ಅವನನ್ನ ಎದೆ ಮೇಲೆ ಹಾಕ್ಕೊಂಡು ಕೂತಿದ್ದೆ. ದೋಣಿ ಬಂದಾಗ ದೊಡ್ಡಮಾವನೋರು, ನಿಮ್ಮ ನಲವತ್ತು ಸಾಲಿನ ಬೀಗರು, ಅವನನ್ನ ನನ್ನ ಕೈಯಿಂದ ಇಸಕೊಂಡ್ರು. ಹೂಳೋಕೆ ಒಣನೆಲ ಇರಲಿಲ್ಲ. ಒಡ್ಡಿನ ಮೇಲೆ ತಗೊಂಡು ಹೋಗಿ ಹೂತರು. ಮುಂದಿನ ವರ್ಷ ಒಡ್ಡು ಎತ್ತರ ಮಾಡೋಕೆ ಅದರ ಮೇಲೆ ಇನ್ನಷ್ಟು ಮಣ್ಣು ಹಾಕಿದ್ರು. ಜಾಗ ಯಾವುದು ಅಂತ ಗುರುತೂ ಇಲ್ಲ."

"ಅವನು? ನಿನ್ನ ಗಂಡ?"

"ಅವರು ಕೆಟ್ಟೋರಲ್ಲ. ಅಸ್ಸಾಮಿಗೆ ದುಡಿಯೋಕೆ ಹೋದ್ರು. ಹೋದೋರು ಹೋದ್ರು. ಆ ನೀರಿನೊಳಗಿಂದ ಆಚೆ ಹೋದೋರು ಯಾರು ತಿರುಗಿ ಬರ್ತಾರೆ ಹೇಳಿ? ನಾನೂ ಬಂದ್ಬಿಟ್ನಲ್ಲ."

ಮುದುಕನ ಕೈ ಬಟ್ಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಬರುತ್ತಿದ್ದ ಹಾಗೆಯೇ, ಹೂಳಲು ಒಣನೆಲವಿಲ್ಲದ ಮಗು ಎಂದು ಒಂದು ಸಾಲು ತಲೆಯಲ್ಲಿ ತಾನೇ ಲಯ ಕೂಡಿಸಿಕೊಂಡಿತು. ಅವನು ಬೆಚ್ಚಿದ. ತುತ್ತು ಗಂಟಲಲ್ಲಿ ಸಿಕ್ಕಿತು. ಈ ರೋಗಕ್ಕೆ ಮದ್ದಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ನಾಳೆ ಒಂದು ದಿನವಾದರೂ ಬಾಯಿ ಮುಚ್ಚಿಕೊಂಡು ಇರುತ್ತೇನೆ ಎಂದುಕೊಂಡ. ಭಗವತಿಯ ಮುಂದೆ ಬಾಯಿಮಾತಿಗೆ ಆಣೆ ಮಾಡಿದ್ದ. ಈಗ ಮನಸ್ಸಿನಿಂದ ಮಾಡಿದ.

"ನೀರು ಕುಡೀರಿ," ಎಂದಳು ಮಗಳು, ಬೆನ್ನು ಸವರುತ್ತ. ಎರಡು ದಿನದಲ್ಲಿ ಮೊದಲ ಸಲ ಮೆತ್ತಗಿನ ಮಾತು.

ಮರುದಿನ ಬೆಳಗ್ಗೆ ಬಾಡಿಗೆಯ ಬಿಳಿ ಕಾರು ಬಾಗಿಲಿಗೆ ಬಂತು. ಗಂಡಿನ ಅಕ್ಕ, ಚಿಕ್ಕಮ್ಮ, ಮೂರು ನಾಲ್ಕು ಹುಡುಗಿಯರು ಬೇರೆ ಗಾಡಿಯಲ್ಲಿ ಬಂದಿದ್ದರು, ಮದುಮಗಳನ್ನು ಕರೆದೊಯ್ಯಲು. ವಿಭಾ ಮಗಳ ಸೆರಗಿನಲ್ಲಿ ಅಕ್ಕಿ, ಗರಿಕೆ, ಅರಿಶಿನದ ಕೊಂಬು ಹಾಕಿ ಗಂಟು ಕಟ್ಟಿದಳು. ಲಲಿತಾ ಕಾಕಿ ಗಂಟಲು ಸರಿಮಾಡಿಕೊಂಡು ಅಜ್ಜಿಯ ಕಾಲದ ಒಂದು ಬೀಳ್ಕೊಡುಗೆ ಹಾಡನ್ನು ಎತ್ತಿದಳು. ಮನೆಯ ಹೆಂಗಸರಿಗೆಲ್ಲ ಅವಳು ಮೊದಲೇ ಎಚ್ಚರ ಕೊಟ್ಟಿದ್ದಳು, "ಆ ಹಾಡಿನ ಸುದ್ದಿಗೆ ಹೋದ್ರೆ ನಾಲಿಗೆಗೆ ಬರೆ ಹಾಕ್ತೀನಿ," ಎಂದು. ಹಳೆಯ ಹಾಡು ಎಲ್ಲರಿಗೂ ಬರುತ್ತಿರಲಿಲ್ಲ. ಎರಡು ಚರಣಕ್ಕೆ ತೊದಲಿತು, ನಿಂತಿತು. ಋಚಾ ಅಮ್ಮನ ಕೊರಳು ಹಿಡಿದು ಅಳುತ್ತಿದ್ದಳು. ಮುದುಕ ಜಗಲಿಯ ಕಂಬ ಹಿಡಿದು ನಿಂತಿದ್ದ.

ಆಗ ಗಂಡಿನ ಅಕ್ಕ, ಪಾಪ, ಅವಳಿಗೇನು ಗೊತ್ತು, "ಇದೇನು, ಗಂಗೆ ದಡದಲ್ಲಿ ನಿಂತು ನೀರಿಲ್ಲ ಅಂದ ಹಾಗಾಯ್ತು! ನೀರದಜಿ ಮನೇಲಿ ನೀರದಜಿ ಹಾಡಿಲ್ಲವಾ?" ಎಂದು ತಾನೇ ಶುರುಮಾಡಿದಳು. ಜೊತೆಯ ಹುಡುಗಿಯರು ಕೂಡಿಕೊಂಡರು. ಅವರಿಗೆ ಅದು ಚೆನ್ನಾಗಿ ಬರುತ್ತಿತ್ತು. ಒಬ್ಬಳು ಮೊಬೈಲು ಎತ್ತಿ ಹಿಡಿದಳು.

ಹಿತ್ತಿಲ ಕೆರೆಯ ತಾವರೆ ಕಿತ್ತು...

ಕಾಕಿ ಮುದುಕನ ಕಡೆ ನೋಡಿದಳು. ಮಗಳ ತಲೆಯ ಮೇಲಿಂದ ವಿಭಾ ನೋಡಿದಳು. ಮೊದಲ ಚರಣ ಮುಗಿಯಿತು. ನಿಲ್ಲಿಸು ಎಂದು ಮುದುಕ ತನಗೆ ತಾನೇ ಹೇಳಿಕೊಂಡ. ಆದರೆ ಎಳೆಯ ದನಿಗಳು, ತಿರುವಿನಲ್ಲಿ ಬಿಗಿಯಾದ ರಾಗ. ಮೂವತ್ತು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಹಾಡಿದ್ದನ್ನು ಅವನು ಕೇಳಿರಲಿಲ್ಲ. ಇನ್ನೊಂದು ಸಾಲು ಆಗಲಿ, ಆಮೇಲೆ ಎಂದುಕೊಂಡ. ಎರಡನೆಯ ಚರಣವೂ ಮುಗಿಯಿತು. ಹುಡುಗಿಯರು ಮೂರನೆಯದನ್ನು ಬಿಟ್ಟು ಸೀದಾ ನಾಲ್ಕಕ್ಕೆ ಹೋದರು. ಈಗಿನವರು ಹಾಗೆಯೇ ಹಾಡುವುದು. ಎತ್ತಿನ ಗಾಡಿ ಹೋಯಿತು, ಗಾಲಿ ಹಿಡಿಯುವ ಅಪ್ಪನೂ ಹೋದ. ಕ್ಯಾಸೆಟ್ಟಿನವರು ಯಾವತ್ತೋ ಅದನ್ನು ಕತ್ತರಿಸಿದ್ದರು.

ಮುದುಕ ಕೈ ಎತ್ತಿದ.

ಹಾಡುತ್ತಿದ್ದವರೆಲ್ಲ ತಟ್ಟನೆ ನಿಲ್ಲಿಸಿದರು. ವಿಭಾಳ ಮುಖ ಸಡಿಲವಾದದ್ದು, ಅವಳು ಒಂದು ಉಸಿರು ಬಿಟ್ಟದ್ದು ಅವನಿಗೆ ಅಷ್ಟು ದೂರದಿಂದಲೂ ಕಾಣಿಸಿತು. ಐವತ್ತೆರಡು ವರ್ಷದ ಮುಖ ಒಂದು ಗಳಿಗೆ ಹದಿನೆಂಟರ ಹುಡುಗಿಯದಾಯಿತು.

"ಏನಾಯ್ತು, ಬಾಬಾ? ತಪ್ಪು ಹಾಡಿದ್ವಾ?" ಎಂದಳು ಗಂಡಿನ ಅಕ್ಕ, ಗಾಬರಿಯಿಂದ.

ಇಲ್ಲ, ಸಾಕು ಮಾಡಿ, ಎಂದರೆ ಮುಗಿಯುತ್ತಿತ್ತು. ಮೂರು ಮಾತು. ಬಾಯಿ ತೆರೆದ. ಬಂದದ್ದು ಬೇರೆ.

"ಮೂರನೇ ಚರಣ ಬಿಟ್ಟಿರಿ," ಎಂದ. "ಪ್ರಾಣ ಇರೋದೇ ಅದರಲ್ಲಿ."

ಎಂದವನು ಹಾಡಿಯೇಬಿಟ್ಟ. ದನಿ ನಡುಗುತ್ತಿತ್ತು, ಆದರೂ ಸ್ವರ ತಪ್ಪಲಿಲ್ಲ. ಗಾಡಿಯ ಗಾಲಿಗೆ ಕೈ ಕೊಟ್ಟ ಅಪ್ಪ, ಬಿಟ್ಟರೆ ಉರುಳೀತು, ಬಿಡಲಾರ. ಹುಡುಗಿಯರು ಸಾಲಿಗೆ ಸಾಲು ಹಿಂದೆ ಹಾಡಿದರು. ಮೊಬೈಲು ಹಿಡಿದವಳು ಹತ್ತಿರ ಬಂದಳು. ಹಾಡುವಾಗಲೇ ಅವನಿಗೆ ಗೊತ್ತಿತ್ತು, ತಾನು ಏನು ಮಾಡುತ್ತಿದ್ದೇನೆ ಎಂದು. ನಿಲ್ಲಿಸಲು ಆಗಲಿಲ್ಲ. ಕಣ್ಣೊರಸೋ ಕೈಯ ಎಲ್ಲಿಂದ ತಂದಾನೋ ಎಂಬಲ್ಲಿಗೆ ಬಂದಾಗ ಅಂಗಳದ ಹೆಂಗಸರೆಲ್ಲ ಸೆರಗು ಕಣ್ಣಿಗೆ ಹಚ್ಚಿದ್ದರು. ಪ್ರೊಫೆಸರ್ ಕಮಲಾಕರ ಬಿಕ್ಕಿಬಿಕ್ಕಿ ಅತ್ತ. "ವಾಹ್ ಮೋದನ್, ವಾಹ್," ಎಂದ.

ವಿಭಾ ಅಳಲಿಲ್ಲ. ಹಾಡು ಮುಗಿಯುವ ತನಕ ಮಗಳ ಬೆನ್ನು ತಟ್ಟುತ್ತ ನಿಂತಿದ್ದಳು. ಆಮೇಲೆ ಋಚಾಳನ್ನು ಕಾರಿನಲ್ಲಿ ಕೂರಿಸಿ, ಸೆರಗಿನ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿ, "ಅಲ್ಲಿ ಮುಟ್ಟಿದ ಕೂಡಲೇ ನನ್ನ ಫೋನಿಗೆ ಮಾಡು. ಮನೆ ಫೋನಿಗೆ ಬೇಡ," ಎಂದಳು. ಕಾಕಿಯ ಮಕ್ಕಳು ಶಾಸ್ತ್ರಕ್ಕೆ ಕಾರನ್ನು ಹತ್ತು ಹೆಜ್ಜೆ ತಳ್ಳಿದರು. ಧೂಳೆದ್ದಿತು, ಕಾರು ಕೆರೆಯ ತಿರುವಿನಲ್ಲಿ ಮರೆಯಾಯಿತು.

ಅವಳು ಒಳಗೆ ಹೋದಳು. ಹೊರಗೆ ಬಂದಾಗ ಭುಜದಲ್ಲಿ ಶಾಲೆಗೆ ಒಯ್ಯುವ ಬಟ್ಟೆಚೀಲ, ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ. ಮದುವೆಯ ಹಳದಿ ಸೀರೆ ಮೈಮೇಲೆಯೇ ಇತ್ತು. ಜಗಲಿಯ ಮುಂದೆ ಬಂದು ನಿಂತು, ಬಾಗಿ, ಅಪ್ಪನ ಕಾಲು ಮುಟ್ಟಿದಳು.

"ಚೆನ್ನಾಗಿ ಹಾಡಿದ್ರಿ, ಬಾಬೂಜಿ."

"ಬುಚ್ಚಿ, ಎಲ್ಲಿಗೆ? ಕೇಳು... ಅವರು ಅರ್ಧಂಬರ್ಧ ಹಾಡ್ತಾ ಇದ್ರು, ಅದಕ್ಕೆ..."

ಅವನಿಗೇ ತನ್ನ ಮಾತು ಕೇಳಿ ನಾಚಿಕೆಯಾಗಿ ಅಲ್ಲಿಗೇ ನಿಲ್ಲಿಸಿದ. ಅವಳು ಕಾಯಲಿಲ್ಲ. ಕೆರೆಯ ಏರಿಯ ಮೇಲೆ ಬಸ್ಸಿನ ರಸ್ತೆಯ ಕಡೆ ನಡೆದಳು. ತಿರುಗಿ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮಖಾನದ ಎಲೆ ತುಂಬಿದ ಕೆರೆಯ ಆಚೆ ಹಳದಿ ಸೀರೆ ಬಹಳ ಹೊತ್ತು ಕಾಣುತ್ತಿತ್ತು.

"ಹೋಗಿ ಕರೀರೋ ಯಾರಾದ್ರೂ," ಎಂದ ಮುದುಕ.

"ಯಾರು ಕರೆದ್ರೆ ಬರ್ತಾಳೆ?" ಎಂದಳು ಲಲಿತಾ ಕಾಕಿ. "ಕರೆಯೋ ಬಾಯಿ ಒಂದಿತ್ತು, ಅದು ಹಾಡೋಕೆ ಹೋಯ್ತು." ಅವಳ ಮಾತಿನಲ್ಲಿ ಎಂದಿನ ಕುಹಕ ಇರಲಿಲ್ಲ. ಪೊರಕೆ ತೆಗೆದುಕೊಂಡು ಅಂಗಳದಲ್ಲಿ ಚೆಲ್ಲಿದ್ದ ಅಕ್ಕಿ ಗುಡಿಸತೊಡಗಿದಳು.

ಬಸ್ಸು ಬಂದ ಸದ್ದು ಕೇಳಿತು, ಹೋದ ಸದ್ದೂ ಕೇಳಿತು. ವಿಭಾ ದರ್ಭಂಗಾದಲ್ಲಿ ಕೋಣೆ ಹಿಡಿದಳೆಂದೂ ಅಲ್ಲಿಂದಲೇ ಶಾಲೆಗೆ ಓಡಾಡುತ್ತಾಳೆಂದೂ ಆಮೇಲೆ ತಿಳಿಯಿತು. ಶಾಲೆಗೂ ಅಪ್ಪನ ಮನೆಗೂ ನಡುವೆ ಒಂದೂವರೆ ಮೈಲಿ ದಾರಿ. ಕಾರ್ತಿಕದ ಛಠ್ ಹಬ್ಬ ಬಂತು, ಚಳಿಗಾಲ ಬಂತು, ಆ ಒಂದೂವರೆ ಮೈಲಿಯನ್ನು ಅವಳು ಮತ್ತೆ ನಡೆಯಲಿಲ್ಲ.